ವಿಮಾನದ ಆಕ್ಸಿಜನ್ ಮಾಸ್ಕ್ ಎಷ್ಟು ಹೊತ್ತು ಕೆಲಸ ಮಾಡುತ್ತದೆ? ಮಗುವಿಗಿಂತ ಮೊದಲು ನಾವೇ ಯಾಕೆ ಹಾಕಿಕೊಳ್ಳಬೇಕು?

ಸಾಮಾನ್ಯವಾಗಿ 12ರಿಂದ 15 ನಿಮಿಷ. ಇಷ್ಟೇನಾ ಅಂತ ಗಾಬರಿ ಬೇಡ. ಕ್ಯಾಬಿನ್ನಿನ ಗಾಳಿಯ ಒತ್ತಡ ಕುಸಿದ ಕೂಡಲೇ ಪೈಲಟ್ ವಿಮಾನವನ್ನು ಸುಮಾರು 10,000 ಅಡಿಗೆ ಇಳಿಸುತ್ತಾರೆ. ಅಲ್ಲಿ ಮಾಸ್ಕ್ ಇಲ್ಲದೆಯೇ ಉಸಿರಾಡಬಹುದು.

ಅನೇಕ ವಿಮಾನಗಳಲ್ಲಿ ತಲೆಯ ಮೇಲಿನ ಪುಟ್ಟ ಡಬ್ಬಿಯೊಳಗೆ ರಾಸಾಯನಿಕ ಕ್ರಿಯೆಯಿಂದ ಆಕ್ಸಿಜನ್ ತಯಾರಾಗುತ್ತದೆ. ಮಾಸ್ಕನ್ನು ಜೋರಾಗಿ ಎಳೆದರೆ ಮಾತ್ರ ಅದು ಶುರುವಾಗುವುದು. ಸ್ವಲ್ಪ ಸುಟ್ಟ ವಾಸನೆ ಬಂದರೆ ಹೆದರಬೇಡಿ. ಮಾಸ್ಕಿಗೆ ಜೋಡಿಸಿದ ಪ್ಲಾಸ್ಟಿಕ್ ಚೀಲ ಉಬ್ಬದಿದ್ದರೂ ಆಕ್ಸಿಜನ್ ಬರುತ್ತಿರುತ್ತದೆ.

35,000 ಅಡಿ ಎತ್ತರದಲ್ಲಿ ಆಕ್ಸಿಜನ್ ಸಿಗದಿದ್ದರೆ ಅರ್ಧದಿಂದ ಒಂದು ನಿಮಿಷದೊಳಗೆ ಬುದ್ಧಿ ಮಂಕಾಗುತ್ತದೆ. ಮಗುವಿಗೆ ಹಾಕಲು ಹೋಗಿ ನೀವೇ ಎಚ್ಚರ ತಪ್ಪಿದರೆ ಇಬ್ಬರಿಗೂ ಅಪಾಯ ಅಲ್ವಾ? ಹೆತ್ತವರಿಗೆ ಇದು ಕಷ್ಟವೇ ಸರಿ. ಆದರೆ ನೀವು ಎಚ್ಚರವಾಗಿದ್ದರೆ ಮಗುವಿಗೆ ಹಾಕಲು ಕೆಲವೇ ಸೆಕೆಂಡು ಸಾಕು.