ನಾಲ್ಕು ವರ್ಷದವರೆಗೆ ಆಡಿದ ಭಾಷೆ ಎಲ್ಲಿ ಹೋಯ್ತು?

ಪ್ರಶ್ನೆ: ಅಪ್ಪನ ಕೆಲಸದಿಂದಾಗಿ ನಾಲ್ಕು ವರ್ಷದವರೆಗೆ ಹೊರದೇಶದಲ್ಲಿ ಬೆಳೆದೆ. ಅಲ್ಲಿನ ಭಾಷೆಯನ್ನು ಪಟಪಟ ಆಡುತ್ತಿದ್ದೆನಂತೆ. ಈಗ ಒಂದು ಪದವೂ ನೆನಪಿಲ್ಲ. ಹೊದಿಕೆಗೆ ಮಾತ್ರ ನಾನು ‘ಲುಮ್ಮಿ’ ಅನ್ನುತ್ತಿದ್ದೆ, ಮನೆಯಲ್ಲಿ ಇವತ್ತಿಗೂ ಎಲ್ಲರೂ ಹಾಗೇ ಅನ್ನುತ್ತಾರೆ. ಇದು ಆ ಭಾಷೆಯದೋ, ನಾನೇ ಕಟ್ಟಿದ್ದೋ? ಮರೆತ ಭಾಷೆ ಮತ್ತೆ ಬರುತ್ತದಾ?

ಉತ್ತರ: ಮಕ್ಕಳು ಹೀಗೆ ಮರೆಯುವುದು ಮಾಮೂಲಿ. ಅಮೆರಿಕದ ಮಾನವಶಾಸ್ತ್ರಜ್ಞ ರಾಬಿನ್ಸ್ ಬರ್ಲಿಂಗ್ 1954ರಲ್ಲಿ ಪುಟ್ಟ ಮಗನನ್ನು ಕರೆದುಕೊಂಡು ಗಾರೋ ಬೆಟ್ಟಗಳಿಗೆ, ಅಂದರೆ ಈಗಿನ ಮೇಘಾಲಯಕ್ಕೆ, ಬಂದಿದ್ದರು. ಹುಡುಗನಿಗೆ ಇಂಗ್ಲಿಷ್‌ಗಿಂತ ಗಾರೋ ಭಾಷೆಯೇ ಚೆನ್ನಾಗಿ ಬರುತ್ತಿತ್ತು. ಎರಡು ವರ್ಷದ ನಂತರ ಅಲ್ಲಿಂದ ಹೊರಟರು ನೋಡಿ, ಆರು ತಿಂಗಳಲ್ಲೇ ಸುಲಭದ ಗಾರೋ ಪದಕ್ಕೂ ಅವನು ತಡವರಿಸತೊಡಗಿದ.

ಪದ ಹೋದರೂ ದನಿಯ ಗುರುತು ಉಳಿಯಬಹುದು. ಚೀನಾದಲ್ಲಿ ಹುಟ್ಟಿ, ಸುಮಾರು ಒಂದು ವರ್ಷದ ಕೂಸಾಗಿದ್ದಾಗ ಕೆನಡಾದ ಫ್ರೆಂಚ್ ಮಾತಾಡುವ ಮನೆಗಳಿಗೆ ದತ್ತು ಹೋದ ಹುಡುಗಿಯರಿಗೆ ಚೀನೀ ಸ್ವರದ ಏರಿಳಿತ ಕೇಳಿಸಿ ಮೆದುಳನ್ನು ಸ್ಕ್ಯಾನ್ ಮಾಡಿದರು. ಅವರಿಗೆ ಆ ಭಾಷೆ ಒಂಚೂರೂ ಬಾರದು, ಆದರೂ ಮೆದುಳು ಚೀನೀ ಬಲ್ಲವರ ಹಾಗೇ ಸ್ಪಂದಿಸಿತು. ಇದು 2014ರ ಮಾತು. ನೆದರ್ಲೆಂಡ್ಸ್‌ಗೆ ದತ್ತು ಹೋದ ಕೊರಿಯಾದ ಮಕ್ಕಳೂ ಅಷ್ಟೇ, ದೊಡ್ಡವರಾದ ಮೇಲೆ ಕೊರಿಯನ್ ಉಚ್ಚಾರ ಅಭ್ಯಾಸ ಮಾಡಿದಾಗ ಬೇರೆಯವರಿಗಿಂತ ಬೇಗ ಕಲಿತರು. ಫ್ರಾನ್ಸ್‌ನಲ್ಲಿ 2003ರಲ್ಲಿ ನಡೆದ ಇಂಥದ್ದೇ ಸ್ಕ್ಯಾನ್‌ನಲ್ಲಿ ಮಾತ್ರ ಏನೂ ಕಾಣಲಿಲ್ಲ, ಅದನ್ನೂ ಹೇಳಿಬಿಡಬೇಕು ಅಲ್ವಾ. ಒಟ್ಟಿನಲ್ಲಿ ಸುಮ್ನೆ ಕೂತರೆ ಭಾಷೆ ವಾಪಸ್ ಬರಲ್ಲ, ಅ ಆ ಇ ಈಯಿಂದಲೇ ಕಲಿಯಬೇಕು. ಉಚ್ಚಾರದಲ್ಲಿ ಮಾತ್ರ ನಿಮಗೆ ಸ್ವಲ್ಪ ಅನುಕೂಲ ಇರಬಹುದು.

ಇನ್ನು ಲುಮ್ಮಿ. ನೀವೇ ಕಟ್ಟಿದ್ದರೂ ಆಶ್ಚರ್ಯವಿಲ್ಲ. ಡಾರ್ವಿನ್ನರ ಮಗ ಸರಿಯಾಗಿ ಒಂದು ವರ್ಷಕ್ಕೆ ಊಟಕ್ಕೆ ‘ಮಮ್’ ಅಂತ ಹೆಸರಿಟ್ಟ, ಆಮೇಲೆ ಸಕ್ಕರೆಗೆ ‘ಶು-ಮಮ್’ ಅಂದ, ಡಾರ್ವಿನ್ 1877ರಲ್ಲಿ ಇದನ್ನೆಲ್ಲ ಬರೆದಿದ್ದಾರೆ. (ನಮ್ಮ ಮಕ್ಕಳ ‘ಮಮ್ಮು’ ನೆನಪಾಯಿತು ತಾನೇ?) ಲುಮ್ಮಿ ಅನ್ನುವುದು ಶುರುವಾಗಿದ್ದು ಯಾವಾಗ ಅಂತ ಅಮ್ಮನನ್ನು ಕೇಳಿ. ಹೊರದೇಶಕ್ಕೆ ಹೋಗುವ ಮುಂಚೆಯೋ ವಾಪಸ್ ಬಂದ ಮೇಲೋ ಆಗಿದ್ದರೆ ಅದು ಬಹುಶಃ ನಿಮ್ಮದೇ. ಅಲ್ಲಿದ್ದಾಗಲೇ ಆಗಿದ್ದರೆ ಆ ಭಾಷೆಯವರೊಬ್ಬರ ಎದುರು ಅಮ್ಮನಿಂದಲೇ ಹೇಳಿಸಿ. ಬರೆದು ಕಳಿಸಬೇಡಿ, ಮಕ್ಕಳು ಪದದ ಅರ್ಧ ನುಂಗಿರುತ್ತಾರೆ, ಕನ್ನಡ ಅಕ್ಷರಕ್ಕೆ ಇಳಿಸಿದಾಗ ಉಳಿದರ್ಧವೂ ಗುರುತು ಸಿಗದಂತಾಗುತ್ತದೆ.