ಮಂಡಿ ನೋವಿಗೆ ಮೊದಲ ಮದ್ದು ಸ್ಪ್ಯಾನರ್

ಪ್ರಶ್ನೆ: ನನಗೆ 52 ವರ್ಷ. ಕೂತೇ ಮಾಡುವ ಕೆಲಸ. ಬರಿಹೊಟ್ಟೆಯ ಸಕ್ಕರೆ 112 ಬಂತು. ಸದ್ಯಕ್ಕೆ ಮಾತ್ರೆ ಬೇಡ, ವ್ಯಾಯಾಮ ಮಾಡಿ ಎಂದರು ಡಾಕ್ಟರು. ಮಗಳು ಮೂಲೆಗೆ ಒರಗಿಸಿಟ್ಟಿದ್ದ ಸೈಕಲ್ ಒರೆಸಿ ಹತ್ತಿದೆ. ಹದಿನೈದೇ ದಿನಕ್ಕೆ ಮಂಡಿಯ ಮುಂಭಾಗದಲ್ಲಿ ನೋವು. ಈ ವಯಸ್ಸಿಗೆ ಸೈಕಲ್ ಯಾಕೆ, ನಡೆದರೆ ಸಾಲದೇ ಎನ್ನುತ್ತಾರೆ ಮನೆಯವರು. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ಮೊದಲು ಸೀಟು ಎತ್ತರಿಸಿ.

ನೀವು ಬರೆದಿಲ್ಲ, ಆದರೂ ಊಹಿಸುತ್ತೇನೆ: ಸೀಟಿನ ಮೇಲೆ ಕೂತಾಗ ನಿಮ್ಮ ಎರಡೂ ಪಾದ ಆರಾಮಾಗಿ ನೆಲಕ್ಕೆ ಊರುತ್ತವೆ, ಅಲ್ಲವೇ? ಬೀಳುವ ಭಯಕ್ಕೆ ನಾನೂ ಹಾಗೇ ಇಟ್ಟುಕೊಂಡಿದ್ದೆ. ದಿನವಿಡೀ ಬೇರೆಯವರ ಮಂಡಿ ನೋಡುವ ಕಸುಬು ನನ್ನದು. 47ನೇ ವಯಸ್ಸಿಗೆ ಮತ್ತೆ ಸೈಕಲ್ ಹತ್ತಿ, ನನ್ನ ಮಂಡಿಗೇ ಒಂದು ತಿಂಗಳು ಮುಲಾಮು ತಿಕ್ಕಿದೆ. ಬ್ರೇಕ್ ಸರಿಮಾಡಲು ಬಂದ ಮೆಕ್ಯಾನಿಕ್ ಹುಡುಗ ನಾನು ಒಂದು ಸುತ್ತು ಹೊಡೆದದ್ದನ್ನು ನೋಡಿ, ‘ಏನ್ ಸಾರ್, ಕಪ್ಪೆ ಥರ ತುಳೀತಿದೀರಲ್ಲ’ ಎಂದ. ಓದಿದ್ದೆಲ್ಲ ಆಗ ನೆನಪಾಯಿತು.

ಸೀಟು ತಗ್ಗಿದ್ದರೆ ಕಾಲು ಪೂರ್ತಿ ಚಾಚುವುದೇ ಇಲ್ಲ. ಮಡಚಿದ ಮಂಡಿಯಲ್ಲೇ ಬಲ ಹಾಕುತ್ತೀರಿ, ಮಂಡಿಚಿಪ್ಪು ತೊಡೆಮೂಳೆಗೆ ಒತ್ತುತ್ತದೆ. ನಿಮಿಷಕ್ಕೆ 60 ಸುತ್ತು ಅಂದುಕೊಂಡರೂ ಅರ್ಧ ಗಂಟೆಗೆ ಒಂದೊಂದು ಮಂಡಿಗೂ 1,800 ಒತ್ತು. ನೋಯದೆ ಇನ್ನೇನು?

ಗೋಡೆಗೆ ಕೈಯೂರಿ ಸೀಟಿನ ಮೇಲೆ ಕೂರಿ. ಪೆಡಲ್ ತೀರಾ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ಆಗಷ್ಟೇ ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮಂಡಿಯಲ್ಲಿ ಸಣ್ಣ ಬಾಗು ಉಳಿಯುತ್ತದೆ. ಅದೇ ಹದ. ಒಂದೇ ದಿನ ಅಷ್ಟೂ ಏರಿಸಬೇಡಿ, ಎರಡು ಮೂರು ದಿನಕ್ಕೊಮ್ಮೆ ಒಂದು ಸೆಂಟಿಮೀಟರ್ ಸಾಕು. ತುಳಿಯುವಾಗ ಸೊಂಟ ಅತ್ತಿತ್ತ ಓಲಾಡಿದರೆ, ಮಂಡಿಯ ಹಿಂಭಾಗ ನೋಯತೊಡಗಿದರೆ ಹೆಚ್ಚಾಯಿತು ಎಂದರ್ಥ. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಜಾರಿ ಒಂದು ಕಾಲೂರಿ. ನಾಲ್ಕು ದಿನದಲ್ಲಿ ರೂಢಿಯಾಗುತ್ತದೆ. ಗೇರ್ ಇದ್ದರೆ ಹಗುರದ್ದನ್ನೇ ಹಾಕಿ. ಭಾರದ ಗೇರಿನಲ್ಲಿ ಮುಕ್ಕಿರಿದು ತುಳಿಯುವುದು ಶೌರ್ಯವಲ್ಲ.

ಇನ್ನು ಸಕ್ಕರೆ. ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಸೈಕಲ್ಲಿನಲ್ಲಿ ದುಡಿಯುವುದು ತೊಡೆ, ಪೃಷ್ಠ. ದೇಹದ ಅತಿ ದೊಡ್ಡ ಸ್ನಾಯುಗಳು. ಇಳಿದ ಮೇಲೂ ಒಂದೆರಡು ದಿನ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ, ಆಮೇಲೆ ಆ ಗುಣ ಇಳಿಯುತ್ತದೆ. ಹಾಗಾಗಿ ವಾರಕ್ಕೊಮ್ಮೆ ಮೂರು ಗಂಟೆ ತುಳಿದು ಮಲಗುವುದಕ್ಕಿಂತ, ವಾರದಲ್ಲಿ ಐದು ದಿನ ಅರ್ಧರ್ಧ ಗಂಟೆ ಲೇಸು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ ಹೇಳುವುದೂ ಅಷ್ಟೇ, 150 ನಿಮಿಷ. ವೇಗ? ಮಾತಾಡಲು ಆಗಬೇಕು, ಹಾಡಲು ಆಗಬಾರದು.

ಬ್ರಿಟನ್ನಿನ 2.6 ಲಕ್ಷ ಜನರ ಮೇಲೆ ಗ್ಲಾಸ್ಗೋ ವಿಶ್ವವಿದ್ಯಾಲಯದವರು ನಡೆಸಿದ ಅಧ್ಯಯನವೊಂದು 2017ರಲ್ಲಿ ಬಂತು. ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುವವರಲ್ಲಿ ಅಕಾಲ ಮರಣದ ಅಪಾಯ ಶೇ 41ರಷ್ಟು ಕಡಿಮೆ ಕಂಡಿತ್ತು. ಮೊದಲೇ ಗಟ್ಟಿಯಿರುವವರು ಸೈಕಲ್ ಹತ್ತುವುದು ಹೆಚ್ಚು, ಆದ್ದರಿಂದ ಪೂರಾ ಕೀರ್ತಿಯನ್ನು ನಾನು ಸೈಕಲ್ಲಿಗೇ ಕೊಡುವುದಿಲ್ಲ.

ಮನೆಯವರ ಮಾತನ್ನೂ ತಳ್ಳಿಹಾಕಬೇಡಿ. ಸೈಕಲ್ಲಿನಲ್ಲಿ ಮೈಭಾರವನ್ನು ಸೀಟು ಹೊರುವುದರಿಂದ ಮಂಡಿಗೆ ಸುಖ. ಅದೇ ಕಾರಣಕ್ಕೆ ಮೂಳೆ ಗಟ್ಟಿಯಾಗುವುದಿಲ್ಲ. ವಾರಕ್ಕೆರಡು ದಿನ ಅವರ ಜೊತೆ ಬಿರುಸಾಗಿ ನಡೆಯಿರಿ.

ಸೀಟು ಸರಿಪಡಿಸಿ ಎರಡು ಮೂರು ವಾರವಾದರೂ ನೋವು ಇಳಿಯದಿದ್ದರೆ, ಮಂಡಿ ಊದಿದರೆ ಅಥವಾ ಮಡಚಿದಲ್ಲೇ ಸಿಕ್ಕಿಕೊಂಡಂತಾದರೆ ಡಾಕ್ಟರಿಗೆ ತೋರಿಸಿ. ತುಳಿಯುವಾಗ ಎದೆ ಬಿಗಿದರೆ ಅಲ್ಲೇ ಇಳಿದುಬಿಡಿ, ತಡಮಾಡದೆ ಆಸ್ಪತ್ರೆಗೆ ಹೋಗಿ.

ಹದ ಸಿಕ್ಕ ಮೇಲೆ ಸೀಟಿನ ಕೊಳವೆಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿಡಿ. ಮಗಳು ಒಮ್ಮೆ ಸೈಕಲ್ ಒಯ್ದರೆ ಅಳತೆ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.