ಮಗು ಪುಟ ತಿರುಗಿಸುತ್ತಲೇ ಇದ್ದರೆ ಓದಿ ಹೇಳುವುದು ಹೇಗೆ?

ಪ್ರಶ್ನೆ: ನಮ್ಮ ಮಗಳಿಗೆ ಎರಡೂವರೆ ವರ್ಷ. ಚಿತ್ರಪುಸ್ತಕ ಓದಿ ಹೇಳಲು ಕುಳಿತರೆ, ಒಂದು ಪುಟ ಮುಗಿಯುವ ಮೊದಲೇ ಮುಂದಿನದನ್ನು ತಿರುಗಿಸುತ್ತಾಳೆ; ಒಂದೇ ಪುಸ್ತಕವನ್ನು ಮತ್ತೆ ಮತ್ತೆ ತರುತ್ತಾಳೆ. ಓದು ಬಾರದ ನಮ್ಮ ಅತ್ತೆಯವರ ಮಡಿಲಲ್ಲಿ ಮಾತ್ರ ಅದೇ ಪುಸ್ತಕ ಹಿಡಿದು ಬಹಳ ಹೊತ್ತು ಕೂರುತ್ತಾಳೆ. ನಾನು ಓದುವ ಕ್ರಮದಲ್ಲಿ ದೋಷವಿದೆಯೇ? ಮುಂದೆ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸುವುದರಿಂದ ಈಗಲೇ ಇಂಗ್ಲಿಷ್ ಪುಸ್ತಕಗಳನ್ನು ಕೊಡಬೇಕೇ?
– ಓದುಗರೊಬ್ಬರು, ತುಮಕೂರು

ಉತ್ತರ: ನಿಮ್ಮ ಅತ್ತೆಯವರು ಅಕ್ಷರಗಳನ್ನು ಓದಲಾರದ ಕಾರಣ ಚಿತ್ರವನ್ನೇ ನೋಡುತ್ತಾರೆ, ಮಗುವನ್ನು ಮಾತಿಗೆಳೆಯುತ್ತಾರೆ. ಒಳ್ಳೆಯ ಚಿತ್ರಪುಸ್ತಕದಲ್ಲಿ ಕಥೆಯ ಅರ್ಧಭಾಗ ಚಿತ್ರದಲ್ಲಿಯೇ ಇರುತ್ತದೆ. ‘ಅಜ್ಜ ಸಂತೆಗೆ ಹೊರಟರು’ ಎಂಬ ಸಾಲನ್ನು ನೀವು ಓದುತ್ತಿರುವಾಗ ಮಗು ಅಜ್ಜನ ಕೈಚೀಲದಿಂದ ಇಣುಕುತ್ತಿರುವ ಬೆಕ್ಕನ್ನು ಕಂಡಿರುತ್ತದೆ, ಆ ಬೆಕ್ಕಿನ ಬಗ್ಗೆ ಯಾರೂ ಮಾತನಾಡದಿದ್ದರೆ ಪುಟ ತಿರುಗಿಸುತ್ತದೆ.

ಅಮೆರಿಕದ ಮನೋವಿಜ್ಞಾನಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನ ನಿಮ್ಮ ಮಗಳ ವಯಸ್ಸಿನ ಮಕ್ಕಳನ್ನು ಕುರಿತದ್ದೇ ಆಗಿತ್ತು. ಸುಮ್ಮನೆ ಓದುವ ಬದಲು ಪ್ರಶ್ನೆ ಕೇಳಿ, ಮಗುವಿನ ಉತ್ತರವನ್ನು ಬೆಳೆಸಿ ಹೇಳುವಂತೆ ಒಂದು ಗುಂಪಿನ ಪೋಷಕರಿಗೆ ತರಬೇತಿ ಕೊಡಲಾಗಿತ್ತು. ಸುಮಾರು ಒಂದು ತಿಂಗಳಾದ ಮೇಲೆ ಆ ಮಕ್ಕಳು ಎಂದಿನಂತೆ ಓದಿಸಿಕೊಂಡ ಮಕ್ಕಳಿಗಿಂತ ಮಾತಿನಲ್ಲಿ ಮುಂದಿದ್ದರು. ನೀವೂ ಹಾಗೆಯೇ ಮಾಡಬಹುದು: ಮಗು ‘ಬೆಕ್ಕು’ ಎಂದರೆ ‘ಹೌದು, ಕರಿಬೆಕ್ಕು ಚೀಲದಲ್ಲಿ ಬಚ್ಚಿಟ್ಟುಕೊಂಡಿದೆ, ಅಜ್ಜಂಗೆ ಗೊತ್ತೇ ಇಲ್ಲ’ ಎನ್ನಿ, ‘ಈಗ ಏನಾಗುತ್ತೆ?’ ಎಂದು ಕೇಳಿ, ಉತ್ತರಕ್ಕೆ ತುಸು ಕಾಯಿರಿ. ಆದರೆ ಬಣ್ಣ ಯಾವುದು, ಕಾಲು ಎಷ್ಟು ಎಂದು ಪ್ರತಿ ಪುಟದಲ್ಲೂ ಪರೀಕ್ಷೆ ನಡೆಸಬೇಡಿ. ನಮ್ಮ ಮನೆಗಳಲ್ಲಿ ಈ ಚಟ ತುಸು ಹೆಚ್ಚೇ ಇದೆ.

ಅಚ್ಚಾದ ವಾಕ್ಯ ತೀರಾ ಗ್ರಾಂಥಿಕವಾಗಿದ್ದರೆ ಮೊದಲು ಮನೆಮಾತಿನಲ್ಲಿ ಹೇಳಿ, ಕಥೆ ಪರಿಚಯವಾದ ಮೇಲೆ ಇದ್ದದ್ದನ್ನು ಇದ್ದಂತೆ ಓದಿ. ಒಂದೇ ಪುಸ್ತಕವನ್ನು ಮತ್ತೆ ಮತ್ತೆ ಕೇಳುವುದರಿಂದ ಮಗು ಮಾತುಗಳನ್ನು ತನ್ನದಾಗಿಸಿಕೊಳ್ಳುತ್ತದೆ. ಸಾಲಿನ ಕೊನೆಯ ಪದವನ್ನು ನೀವು ಬಿಟ್ಟರೆ ಅದೇ ಪೂರ್ತಿ ಮಾಡುತ್ತದೆ.

ಇಂಗ್ಲಿಷಿಗೆ ಅವಸರ ಬೇಡ. ಮನೆಯವರೆಲ್ಲ ಧಾರಾಳವಾಗಿ ಮಾತನಾಡಬಲ್ಲ ಭಾಷೆಯ ಪುಸ್ತಕದಿಂದಲೇ ಇಂಥ ಸಂಭಾಷಣೆ ಹುಟ್ಟುತ್ತದೆ. ಬೇಕೆನಿಸಿದರೆ ಚೆನ್ನೈನ ತೂಲಿಕಾ ಪ್ರಕಾಶನದ ಕನ್ನಡ–ಇಂಗ್ಲಿಷ್ ದ್ವಿಭಾಷಾ ಪುಸ್ತಕಗಳಿವೆ. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯ ಮಾಲೆಯೂ ಕನ್ನಡದಲ್ಲಿದೆ. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಓದಿನ ಹಂತಗಳನ್ನು ಗುರುತಿಸಿ ಪುಸ್ತಕ ಪ್ರಕಟಿಸುತ್ತದೆ. ನಿಮ್ಮ ಮಗಳಿಗೆ ಮೊದಲ ಹಂತದವು ಸಾಕು. ಅದೇ ಸಂಸ್ಥೆ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳು ಉಚಿತವಾಗಿ ಸಿಗುತ್ತವೆ, ಇಳಿಸಿಕೊಂಡು ಮುದ್ರಿಸಿಕೊಳ್ಳಲೂ ಅವಕಾಶವಿದೆ. ಮೊಬೈಲಿನಲ್ಲಿ ತೋರಿಸುವುದಕ್ಕಿಂತ ಮುದ್ರಿಸಿಕೊಳ್ಳುವುದೇ ಮೇಲು. ಹಾಳೆ ಹರಿಯುವ ಭಯವಿದ್ದರೆ ದಪ್ಪ ರಟ್ಟಿನ ಪುಟಗಳಿರುವ ಪುಸ್ತಕಗಳನ್ನು ಕೊಳ್ಳಿ, ಮಗುವಿನ ಕೈಗೆ ಎಟಕುವಂತೆ ಕೆಳಗೇ ಇಡಿ.